ಅಲ್ ಬಿರೂನಿ: ಭೂಮಿಯನ್ನು ಅಳೆದವರು, ಜನರ ಮಾತನ್ನು ಬರೆದಿಟ್ಟವರು



ಇಲ್ಮ್‌ನ ಕುರಿತಾದ ಜುಮಾ ಖುತ್ಬಾದಲ್ಲಿ ನಾವು ಅಬೂ ರೈಹಾನ್ ಅಲ್ ಬಿರೂನಿಯವರ ಹೆಸರನ್ನು ಎತ್ತಿ, ಎರಡು ಮಾತು ಹೇಳಿ ಮುಂದೆ ಸಾಗಿದ್ದೆವು. ಖುತ್ಬಾದ ಸಮಯ ಚಿಕ್ಕದು. ನಮಾಝ್ ಮುಗಿದ ಮೇಲೆ ಕೆಲವು ತಂದೆಯಂದಿರೂ ಕಾಲೇಜು ಹುಡುಗರೂ ಬಂದು, ಅವರು ವಿಜ್ಞಾನಿಯೋ, ಚರಿತ್ರೆಕಾರರೋ ಎಂದು ಕೇಳಿದರು. ಪಿಯುಸಿ ಫಲಿತಾಂಶದ ದಿನಗಳಾದ್ದರಿಂದ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತೆಂಬುದು ನಮಗೆ ತಿಳಿಯದೆ ಇರಲಿಲ್ಲ. ಸಯನ್ಸ್ ಸಿಕ್ಕಿದವರ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆರ್ಟ್ಸ್ ತೆಗೆದುಕೊಂಡವರ ಮನೆಯಲ್ಲಿ 'ಮಾರ್ಕು ಸಾಕಾಗಲಿಲ್ಲ' ಎಂಬ ಸಮಾಧಾನದ ಮಾತು ನಡೆಯುತ್ತದೆ. ಇತಿಹಾಸವೋ ಭಾಷೆಯೋ ಓದಬೇಕೆಂದು ತಾನಾಗಿ ಬಯಸಿದ ಮಗಳನ್ನು ಸಂಬಂಧಿಕರೆಲ್ಲ ಕೂತು ತಿದ್ದುವುದನ್ನೂ ನಾವು ಕಂಡಿದ್ದೇವೆ.

ಅಲ್ ಬಿರೂನಿಯವರಿಗೆ ಇಂಥ ಗೋಡೆ ಇರಲಿಲ್ಲ. ಹಾಗೆಂದು ಅವರು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದವರೂ ಅಲ್ಲ. ಒಂದೊಂದು ವಿಷಯಕ್ಕೂ ಸತ್ಯವನ್ನು ಪರೀಕ್ಷಿಸುವ ದಾರಿ ಬೇರೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ನಕ್ಷತ್ರಕ್ಕೆ ಕಣ್ಣು ಮತ್ತು ಉಪಕರಣ, ಲೋಹಕ್ಕೆ ತಕ್ಕಡಿ, ಗತಿಸಿದ ಕಾಲಕ್ಕೆ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು, ಬೇರೆ ಧರ್ಮದ ಜನರನ್ನು ತಿಳಿಯಲು ಅವರದೇ ಭಾಷೆ. ಈ ನಾಲ್ಕೂ ದಾರಿಯಲ್ಲಿ ಒಬ್ಬರೇ ನಡೆದರೆಂಬುದೇ ಅವರ ಬದುಕಿನ ವಿಶೇಷ.

ಹಿಜರಿ 362ರಲ್ಲಿ, ಅಂದರೆ ಕ್ರಿ.ಶ. 973ರಲ್ಲಿ, ಖ್ವಾರಝ್ಮ್ ಎಂಬ ನಾಡಿನ ಕಾಥ್ ಪಟ್ಟಣದ ಬಳಿ ಅವರು ಜನಿಸಿದರು. ಅದು ಅಮೂ ದರ್ಯಾ ನದಿಯ ಸೀಮೆ, ಇಂದಿನ ಉಜ್ಬೇಕಿಸ್ತಾನ. ಪಾರ್ಸಿಯಲ್ಲಿ 'ಬೀರೂನ್' ಎಂದರೆ ಹೊರಗೆ. ಊರ ಹೊರಭಾಗದವರು ಎಂಬ ಅರ್ಥದಲ್ಲಿ ಆ ಹೆಸರು ಬಂತು. ಇಂದು ಆ ಊರಿಗೇ ಅವರ ಹೆಸರಿದೆ. ಆ ನಾಡಿನ ರಾಜಮನೆತನಕ್ಕೆ ಸೇರಿದ ಗಣಿತಜ್ಞ ಅಬೂ ನಸ್ರ್ ಮನ್ಸೂರ್ ಅವರಿಗೆ ಉಸ್ತಾದರಾಗಿ ದೊರೆತರು. ಹದಿನೇಳರ ಆಸುಪಾಸಿನ ಪ್ರಾಯದಲ್ಲಿ ನಡುಹಗಲಿನ ಸೂರ್ಯನ ಎತ್ತರವನ್ನು ಅಳೆದು ತಮ್ಮ ಊರಿನ ಅಕ್ಷಾಂಶವನ್ನು ಲೆಕ್ಕ ಹಾಕಿದರು.

ಇನ್ನೊಂದು ಸಂಗತಿ ಅದಕ್ಕೂ ಹಿಂದಿನದು, ನಮಗೆ ಹೆಚ್ಚು ಇಷ್ಟವಾದದ್ದು. ಅವರ ಬಾಲ್ಯದಲ್ಲಿ ಗ್ರೀಕ್ ಭಾಷೆ ಬಲ್ಲ ರೂಮ್ ದೇಶದ ಒಬ್ಬ ವ್ಯಕ್ತಿ ಅವರ ನಾಡಿಗೆ ಬಂದು ನೆಲೆಸಿದ್ದ. ಬಾಲಕ ಅಬೂ ರೈಹಾನ್ ಕಾಳು, ಬೀಜ, ಹಣ್ಣು, ಗಿಡ, ಏನು ಸಿಕ್ಕಿದರೂ ಅವನ ಬಳಿ ಒಯ್ದು 'ನಿಮ್ಮ ಭಾಷೆಯಲ್ಲಿ ಇದರ ಹೆಸರೇನು' ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ಎಂಬತ್ತರ ಮುಪ್ಪಿನಲ್ಲಿ ಔಷಧಿಗಳ ಬಗ್ಗೆ ಪುಸ್ತಕ ಬರೆಯುವಾಗ ಅವರು ಇದನ್ನು ನೆನೆದುಕೊಂಡಿದ್ದಾರೆ. ಒಂದು ಹುಡುಗ ಗಿಡ ಹಿಡಿದು ನಿಂತು ಹೆಸರು ಕೇಳುವುದು ಸಸ್ಯಶಾಸ್ತ್ರವೋ, ಭಾಷಾಶಾಸ್ತ್ರವೋ? ಆ ಹುಡುಗನಿಗೆ ಅದರ ಚಿಂತೆಯೇ ಇರಲಿಲ್ಲ.

ಕ್ರಿ.ಶ. 995ರಲ್ಲಿ ಖ್ವಾರಝ್ಮ್‌ನಲ್ಲಿ ಅಂತರ್ಯುದ್ಧ ನಡೆದು ಅವರ ಆಶ್ರಯದಾತರ ಮನೆತನ ಉರುಳಿತು. ಇಪ್ಪತ್ತೆರಡರ ಯುವಕ ಊರು ಬಿಟ್ಟು ಓಡಬೇಕಾಯಿತು. ಇಂದಿನ ತೆಹ್ರಾನ್ ಬಳಿಯ ರಯ್ ಪಟ್ಟಣದಲ್ಲಿ ಅವರು ಬಡತನ ಅನುಭವಿಸಿದರು. ಅಲ್ಲಿನ ಒಬ್ಬ ಜ್ಯೋತಿಷಿ ಅವರ ಹರಿದ ಸ್ಥಿತಿಯನ್ನು ನೋಡಿ ಅವರ ಮಾತನ್ನೇ ತಳ್ಳಿಹಾಕಿದನಂತೆ. ಮುಂದೆ ಅವರ ಸ್ಥಿತಿ ಸುಧಾರಿಸಿದಾಗ ಅದೇ ಮನುಷ್ಯ ಸ್ನೇಹಿತನಾದ. ಇದನ್ನು ಅವರೇ ಬರೆದಿದ್ದಾರೆ, ಸ್ವಲ್ಪ ನಗುತ್ತಲೇ ಬರೆದಂತೆ ಕಾಣುತ್ತದೆ.

ಎರಡು ವರ್ಷಗಳ ನಂತರ, 997ರ ಮೇ 24ರಂದು ಚಂದ್ರಗ್ರಹಣವಾಯಿತು. ಆಗ ಅವರು ಮತ್ತೆ ಕಾಥ್‌ನಲ್ಲಿದ್ದರು. ಬಗ್ದಾದ್‌ನಲ್ಲಿದ್ದ ಹಿರಿಯ ಗಣಿತಜ್ಞ ಅಬುಲ್ ವಫಾ ಅವರೊಂದಿಗೆ ಮೊದಲೇ ಮಾತು ಮಾಡಿಕೊಂಡು, ಇಬ್ಬರೂ ತಮ್ಮ ತಮ್ಮ ಊರಿನಿಂದ ಅದೇ ಗ್ರಹಣವನ್ನು ಗಮನಿಸಿ ಸಮಯ ಬರೆದಿಟ್ಟರು. ಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ, ಆದರೆ ಆ ಕ್ಷಣದಲ್ಲಿ ಒಂದೊಂದು ಊರಿನ ಗಳಿಗೆ ಬೇರೆ. ಆ ವ್ಯತ್ಯಾಸದಿಂದ ಎರಡು ಊರುಗಳ ರೇಖಾಂಶದ ಅಂತರ ಸಿಗುತ್ತದೆ. ತಂತಿಯಿಲ್ಲದ, ಫೋನಿಲ್ಲದ ಕಾಲದಲ್ಲಿ, ದೊಡ್ಡ ಮರಳುಗಾಡಿನ ಆಚೆ ಈಚೆ ಇದ್ದ ಇಬ್ಬರು ಸೇರಿ ಮಾಡಿದ ಕೆಲಸ ಇದು.

ಇಷ್ಟು ಕೇಳಿದರೆ ಅವರು ಖಗೋಳಜ್ಞರೇ ಸರಿ ಅನ್ನಿಸುತ್ತದೆ. ಆದರೆ ಕ್ರಿ.ಶ. 1000ದ ಹೊತ್ತಿಗೆ, ಇಪ್ಪತ್ತೇಳರ ಪ್ರಾಯದಲ್ಲಿ, ಗುರ್ಗಾನ್‌ನ ಅರಸ ಕಾಬೂಸ್‌ಗೆ ಅರ್ಪಿಸಿದ ಅವರ ಮೊದಲ ದೊಡ್ಡ ಗ್ರಂಥ ಬೇರೆಯೇ ಜಾತಿಯದು. ಅದರ ಹೆಸರು 'ಅಲ್ ಆಸಾರುಲ್ ಬಾಕಿಯ', ಗತಿಸಿದ ಜನಾಂಗಗಳ ಉಳಿದ ಕುರುಹುಗಳು ಎಂದು ಅರ್ಥ. ಪಾರ್ಸಿಗಳು, ಯಹೂದಿಗಳು, ಕ್ರೈಸ್ತರು, ಸೋಗ್ದಿಯನರು, ಖ್ವಾರಝ್ಮಿಗಳು, ಅರಬರು, ಹೀಗೆ ಒಬ್ಬೊಬ್ಬರು ವರ್ಷವನ್ನು ಹೇಗೆ ಎಣಿಸುತ್ತಾರೆ, ಯಾವ ತಿಂಗಳಿಗೆ ಯಾವ ಹೆಸರು, ಯಾವ ದಿನ ಯಾವ ಹಬ್ಬ, ಯಾಕೆ ಹಬ್ಬ ಎಂಬುದನ್ನು ಅವರು ಸಂಗ್ರಹಿಸಿದರು. ಅರ್ಧ ಗಣಿತ, ಅರ್ಧ ಜನಜೀವನ. ಇಲ್ಲಿ ಉಪಕರಣ ಕೆಲಸಕ್ಕೆ ಬರುವುದಿಲ್ಲ. ಗತಿಸಿದ್ದನ್ನು ದುರ್ಬೀನು ಹಿಡಿದು ನೋಡಲಾಗದು, ಹೇಳಿದವರ ಮಾತನ್ನೇ ತೂಗಿ ನೋಡಬೇಕು. ಹದೀಸ್ ಓದಿದ ನಮಗೆ ಈ ಪರಿಚಯವಿದೆ. ಯಾರು ಹೇಳಿದರು, ಯಾರಿಂದ ಕೇಳಿದರು, ಎರಡು ವರದಿಗಳು ಹೊಂದುತ್ತವೆಯೇ ಎಂದು ಕೇಳುವುದು ಒಂದು ಶಾಸ್ತ್ರವೆಂದು ನಾವು ಒಪ್ಪುತ್ತೇವೆ. ಆದರೆ ಅದನ್ನೇ ಕಾಲೇಜಿನಲ್ಲಿ ಇತಿಹಾಸವೆಂದು ಕಲಿಸಿದರೆ ಸುಲಭದ ವಿಷಯವೆನ್ನುತ್ತೇವೆ.

ಆ ಗ್ರಂಥದಲ್ಲಿ ಒಂದು ಕಹಿಯಾದ ಮಾತಿದೆ. ಹಿಜರಿ ಮೊದಲ ಶತಮಾನದ ಕೊನೆಯಲ್ಲಿ ಖ್ವಾರಝ್ಮನ್ನು ಗೆದ್ದ ಸೇನಾಪತಿ ಕುತೈಬಾ ಇಬ್ನ್ ಮುಸ್ಲಿಮ್ ಅಲ್ಲಿನ ಲಿಪಿ ಬಲ್ಲವರನ್ನೂ ಪರಂಪರೆ ಬಲ್ಲವರನ್ನೂ ಇಲ್ಲವಾಗಿಸಿದ್ದರಿಂದ ಆ ಜನರ ಹಳೆಯ ಚರಿತ್ರೆ ತಿಳಿಯದಂತಾಯಿತು ಎಂದು ಅವರು ಬರೆದರು. ಬರೆದವರು ಮುಸ್ಲಿಮ್, ಆರೋಪ ಮುಸ್ಲಿಮ್ ಸೇನಾಪತಿಯ ಮೇಲೆ. ಅವರು ಮುಚ್ಚಿಡಲಿಲ್ಲ, ಮಸಾಲೆಯನ್ನೂ ಹಚ್ಚಲಿಲ್ಲ. ಖ್ವಾರಝ್ಮಿ ಭಾಷೆ ಕೆಲವು ಶತಮಾನಗಳಲ್ಲಿ ಸತ್ತುಹೋಯಿತು. ಅದರ ತಿಂಗಳುಗಳ ಹೆಸರು, ಹಬ್ಬಗಳ ವಿವರ ಇಂದು ಜಗತ್ತಿಗೆ ತಿಳಿದಿದ್ದರೆ ಬಹುಪಾಲು ಈ ಯುವಕನ ಕೃಪೆ.

ಇದೇ ಕಾಲದಲ್ಲಿ ಅವರಿಗಿಂತ ಏಳೆಂಟು ವರ್ಷ ಕಿರಿಯರಾದ ಇಬ್ನ್ ಸೀನಾ ಅವರೊಂದಿಗೆ ಪತ್ರ ಮೂಲಕ ವಾದ ನಡೆಯಿತು. ಅರಿಸ್ಟಾಟಲ್‌ನ ವಿಚಾರಗಳ ಬಗ್ಗೆ ಹತ್ತು, ಪ್ರಕೃತಿಯ ಬಗ್ಗೆ ಎಂಟು, ಒಟ್ಟು ಹದಿನೆಂಟು ಪ್ರಶ್ನೆಗಳನ್ನು ಬಿರೂನಿ ಕಳುಹಿಸಿದರು. ಮಂಜುಗಡ್ಡೆ ನೀರಿನ ಮೇಲೆ ತೇಲುವುದೇಕೆ ಎಂಬುದು ಅದರಲ್ಲೊಂದು. ಉತ್ತರಗಳು ಬಂದವು, ಬಿರೂನಿಗೆ ತೃಪ್ತಿಯಾಗಲಿಲ್ಲ, ಮರುಪ್ರಶ್ನೆ ಹೋಯಿತು, ಮಾತು ಬಿಸಿಯೂ ಆಯಿತು. ಆ ಕಾಲದಲ್ಲಿ ಅರಿಸ್ಟಾಟಲ್‌ನ ಹೆಸರು ಹೇಳಿದರೆ ವಾದ ಮುಗಿಯುತ್ತಿತ್ತು. ಇವರಿಗೆ ಮುಗಿಯಲಿಲ್ಲ.

1017ರಲ್ಲಿ ಸುಲ್ತಾನ್ ಮಹ್ಮೂದ್ ಘಝ್ನವಿ ಖ್ವಾರಝ್ಮನ್ನು ವಶಪಡಿಸಿಕೊಂಡು ಅಲ್ಲಿನ ವಿದ್ವಾಂಸರನ್ನು ಘಝ್ನಿಗೆ ಒಯ್ದ. ಬಿರೂನಿ ಅವರಲ್ಲಿ ಒಬ್ಬರು. ಆಸ್ಥಾನ ವಿದ್ವಾಂಸರೆನ್ನಬೇಕೋ, ಸೆರೆಯಾಳೆನ್ನಬೇಕೋ ಎಂದು ಚರಿತ್ರೆಕಾರರು ಇಂದಿಗೂ ಚರ್ಚಿಸುತ್ತಾರೆ. ಮರುವರ್ಷ ಅಕ್ಟೋಬರ್‌ನಲ್ಲಿ ಕಾಬೂಲ್ ಬಳಿಯ ಒಂದು ಹಳ್ಳಿಯಲ್ಲಿ ಅವರ ಕೈಯಲ್ಲಿ ಒಂದು ಉಪಕರಣವೂ ಇರಲಿಲ್ಲ, ಮನಸ್ಸೂ ಸರಿಯಿರಲಿಲ್ಲ. ಲೆಕ್ಕ ಮಾಡುವ ಹಲಗೆಯ ಬೆನ್ನಿನ ಮೇಲೆ ವೃತ್ತದ ಕಾಲುಭಾಗವನ್ನು ಬರೆದು, ಡಿಗ್ರಿ ಗುರುತು ಹಾಕಿ, ತೂಗುಗುಂಡಿನ ದಾರ ಕಟ್ಟಿ ಸೂರ್ಯನ ಎತ್ತರ ಅಳೆದರು. ನಮ್ಮ ಮಕ್ಕಳಿಗೆ ಲ್ಯಾಬ್ ಇಲ್ಲ, ಸೌಕರ್ಯ ಇಲ್ಲ ಎನ್ನುವುದು ನಿಜವೇ, ಆ ದೂರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಆ ಹಲಗೆ ನೆನಪಿರಲಿ.

ಅಲ್ಲಿಂದ ಹುಟ್ಟಿದ್ದು 1025ರಲ್ಲಿ ಮುಗಿದ, ಊರುಗಳ ಅಕ್ಷಾಂಶ ರೇಖಾಂಶಗಳನ್ನು ನಿರ್ಣಯಿಸುವ ಗ್ರಂಥ. ಅದರ ಗುರಿ ಘಝ್ನಿಯ ಕಿಬ್ಲಾ ಯಾವ ದಿಕ್ಕಿಗೆ ಎಂದು ಸರಿಯಾಗಿ ಕಂಡುಹಿಡಿಯುವುದು. ನಮಾಝಿಗೆ ಮುಖ ಎತ್ತ ಮಾಡಬೇಕೆಂಬ ಪ್ರಶ್ನೆಯಿಂದ ಹೊರಟು ಅವರು ಭೂಮಿಯ ಆಕಾರ, ಸಮುದ್ರಗಳ ಚಲನೆ, ಬಂಡೆಯೊಳಗೆ ಸಿಗುವ ಚಿಪ್ಪುಗಳವರೆಗೆ ಹೋದರು. ಇಂದಿನ ಅರೇಬಿಯದ ಮರುಭೂಮಿ ಒಂದು ಕಾಲದಲ್ಲಿ ಸಮುದ್ರವಾಗಿತ್ತು, ಬಾವಿ ತೋಡುವಾಗ ಸಿಗುವ ಚಿಪ್ಪುಗಳು ಅದಕ್ಕೆ ಸಾಕ್ಷಿ ಎಂದರು.

ಈಗ ಎಲ್ಲರಿಗೂ ಗೊತ್ತಿರುವ ಸಂಗತಿಗೆ ಬರೋಣ. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿ ನಂದನ ಎಂಬ ಕೋಟೆಯಿದೆ. ಅಲ್ಲಿ ಬಯಲಿಗೆ ಮುಖ ಮಾಡಿದ ಬೆಟ್ಟವೊಂದನ್ನು ಬಿರೂನಿ ಆರಿಸಿಕೊಂಡರು. ಕೆಳಗಿನಿಂದ ಕೋನಗಳನ್ನು ಅಳೆದು ಬೆಟ್ಟದ ಎತ್ತರ ಸುಮಾರು 652 ಮೊಳವೆಂದು ಲೆಕ್ಕ ಹಾಕಿದರು. ಆಮೇಲೆ ತುದಿಯೇರಿ, ಆಕಾಶ ನೆಲಕ್ಕೆ ತಾಗುವ ಅಂಚು ತಮ್ಮ ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗೆ ಕಾಣುತ್ತದೆ ಎಂದು ನೋಡಿದರು. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಮೂವತ್ತನಾಲ್ಕು ಪಾಲು. ಈ ಎರಡು ಸಂಖ್ಯೆಗಳಿಂದ ಭೂಮಿಯ ತ್ರಿಜ್ಯ ಸಿಗುತ್ತದೆ. ಅದಕ್ಕೆ ಇನ್ನೂರು ವರ್ಷ ಮೊದಲು ಖಲೀಫ ಮಾಮೂನ್ ಕಳುಹಿಸಿದ ಜನ ಬಯಲಿನಲ್ಲಿ ಹಗ್ಗ ಹಿಡಿದು ಉತ್ತರ ದಕ್ಷಿಣ ನಡೆದು ಮಾಡಿದ ಕೆಲಸವನ್ನು ಇವರು ಒಂದು ಬೆಟ್ಟದ ಮೇಲೆ ನಿಂತು ಮಾಡಿದರು.

ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳು ಇಲ್ಲಿಂದ ಮುಂದೆ ಹಾರುತ್ತವೆ. ಸಾವಿರ ವರ್ಷದ ಹಿಂದೆಯೇ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ನಿಖರವಾಗಿ ಅಳೆದರೆಂದು ಬರೆಯುತ್ತಾರೆ, ಕೆಳಗೆ ಮಾಶಾ ಅಲ್ಲಾಹ್. ಅವರ ಮೊಳದ ಉದ್ದ ಇಂದಿನ ಅಳತೆಯಲ್ಲಿ ಎಷ್ಟೆಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಅಲ್ಲದೆ ನೆಲದ ಸಮೀಪದ ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಅಂಚು ಇದ್ದಲ್ಲಿ ಕಾಣದೆ ಸ್ವಲ್ಪ ಮೇಲೆ ಕಾಣುತ್ತದೆ. ಫಲಿತಾಂಶ ಹತ್ತಿರ ಬಂದಿದ್ದರೆ ಅದರಲ್ಲಿ ಅದೃಷ್ಟದ ಪಾಲೂ ಇರಬಹುದು. ಅವರ ಹಿರಿಮೆ ಆ ದಾರಿಯನ್ನು ಯೋಚಿಸಿದ್ದರಲ್ಲಿ ಇದೆ. ದಶಮಾಂಶ ಹಚ್ಚಿ ಹೊಗಳುವ ಅಗತ್ಯ ಅವರಿಗಿಲ್ಲ. ಇಂಥ ಸಂದೇಶವನ್ನು ಅವರಿಗೇ ಕಳುಹಿಸಿದ್ದರೆ 'ನಿಮಗೆ ಇದನ್ನು ಹೇಳಿದವರು ಯಾರು' ಎಂದು ಕೇಳುತ್ತಿದ್ದರು ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ನೆರಳುಗಳ ಬಗ್ಗೆಯೂ ಅವರದೊಂದು ಪುಸ್ತಕವಿದೆ, ನಮಾಝಿನ ಸಮಯಗಳಿಗೆ ಸಂಬಂಧಿಸಿದ್ದು. ಅದರಲ್ಲಿ ಒಂದು ಪ್ರಸಂಗ ನಮ್ಮಂಥ ಮಸೀದಿಯವರಿಗೆ ಬರೆದಂತಿದೆ. ಸಮಯ ನೋಡುವ ಒಂದು ಉಪಕರಣದ ಮೇಲೆ ರೂಮಿಗಳ ತಿಂಗಳ ಹೆಸರು ಕೆತ್ತಿತ್ತು. ಸೌರವರ್ಷದ ಲೆಕ್ಕಕ್ಕೆ ಅದು ಬೇಕಿತ್ತು. ನಮಾಝಿನ ಸಮಯದ ಹೊಣೆ ಹೊತ್ತ ಒಬ್ಬರು, ಇದು ಅನ್ಯರ ಅನುಕರಣೆ, ಮಸೀದಿಗೆ ಬೇಡ ಎಂದರು. ರೂಮಿಗಳು ಊಟವನ್ನೂ ಮಾಡುತ್ತಾರೆ, ಅದರಲ್ಲೂ ಅವರನ್ನು ಅನುಕರಿಸಬೇಡಿ ಎಂಬರ್ಥದ ಉತ್ತರ ಬಿರೂನಿಯವರಿಂದ ಬಂತು.

ಇನ್ನು ಹಿಂದ್ ದೇಶದ ಮಾತು. ಇಲ್ಲಿ ನಾವು ಸ್ವಲ್ಪ ಹೆಚ್ಚು ನಿಲ್ಲುತ್ತೇವೆ, ಏಕೆಂದರೆ ಅವರ ಎಲ್ಲ ಕೆಲಸಗಳಲ್ಲಿ ಇದು ದೊಡ್ಡದೆಂದು ನಮ್ಮ ಅಭಿಪ್ರಾಯ.

ಮಹ್ಮೂದನ ಸೇನೆ ಹಿಂದ್‌ಗೆ ದಂಡೆತ್ತಿ ಬರುತ್ತಿದ್ದ ವರ್ಷಗಳವು. ಸೇನೆ ಕೊಳ್ಳೆಯ ಒಂಟೆಗಳೊಂದಿಗೆ ಹಿಂದಿರುಗುತ್ತಿತ್ತು. ಬಿರೂನಿ ಪಂಜಾಬಿನ ಸೀಮೆಯಲ್ಲಿ ಪಂಡಿತರ ಮುಂದೆ ಶಿಷ್ಯನಂತೆ ಕುಳಿತು ಸಂಸ್ಕೃತ ಕಲಿಯುತ್ತಿದ್ದರು. ವಯಸ್ಸು ನಲವತ್ತೈದು ದಾಟಿತ್ತು. ಒಂದೇ ವಸ್ತುವಿಗೆ ಹತ್ತಾರು ಹೆಸರು, ಒಂದೇ ಪದಕ್ಕೆ ಹಲವು ಅರ್ಥ, ಶಾಸ್ತ್ರವೆಲ್ಲ ಪದ್ಯದಲ್ಲಿ, ಪ್ರತಿ ಮಾಡುವವರ ಅಜಾಗ್ರತೆಯಿಂದ ಎರಡು ಮೂರು ಪ್ರತಿಯಾಗುವಷ್ಟರಲ್ಲಿ ಮೂಲ ಗುರುತು ಸಿಗದಂತಾಗುತ್ತದೆ ಎಂದು ತಮ್ಮ ಕಷ್ಟಗಳನ್ನು ಹೇಳಿಕೊಂಡಿದ್ದಾರೆ. ಅವರ ಬಾಯಿಂದ ಕೇಳಿದ ಪದವನ್ನು ಅರಬಿ ಅಕ್ಷರದಲ್ಲಿ ಬರೆದುಕೊಂಡು ಮತ್ತೆ ಅವರಿಗೇ ಓದಿ ಹೇಳಿದರೆ ಅವರಿಗೆ ಗುರುತೇ ಸಿಗುತ್ತಿರಲಿಲ್ಲವಂತೆ. ಮದ್ರಸಾದಲ್ಲಿ ನಮ್ಮ ಊರುಗಳ ಹೆಸರನ್ನು ಅರಬಿಯಲ್ಲಿ ಬರೆಯಲು ಕುಳಿತು 'ಳ'ಕಾರಕ್ಕೂ 'ಣ'ಕಾರಕ್ಕೂ ತಡಕಾಡಿದವರಿಗೆ ಈ ಸಂಕಟ ಅರ್ಥವಾಗುತ್ತದೆ.

1030ರ ಹೊತ್ತಿಗೆ, ಮಹ್ಮೂದ್ ತೀರಿಕೊಂಡ ಆಸುಪಾಸಿನಲ್ಲಿ, 80 ಅಧ್ಯಾಯಗಳ ಗ್ರಂಥ ಮುಗಿಯಿತು. ನಾವು ಸಾಮಾನ್ಯವಾಗಿ 'ಕಿತಾಬುಲ್ ಹಿಂದ್' ಎನ್ನುತ್ತೇವೆ. ದೇವರ ಕುರಿತ ನಂಬಿಕೆ, ಜಾತಿ, ವೇದ ಪುರಾಣ, ಛಂದಸ್ಸು, ತೂಕ ಅಳತೆ, ನದಿಗಳು, ಖಗೋಳ, ಮದುವೆ, ಆಸ್ತಿ ಹಂಚಿಕೆ, ಉಪವಾಸ, ಹಬ್ಬ, ಎಲ್ಲವೂ ಅದರಲ್ಲಿದೆ. ಕೇಳಿದ್ದು ಕಂಡದ್ದಕ್ಕೆ ಸಮವಲ್ಲ ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ಜನ ಸುಳ್ಳು ವರದಿ ಮಾಡುವುದಕ್ಕೆ ಎಷ್ಟು ಕಾರಣಗಳು, ತನ್ನವರನ್ನು ಹೊಗಳಲು, ವಿರೋಧಿಯನ್ನು ತೆಗಳಲು, ಲಾಭಕ್ಕೆ, ಭಯಕ್ಕೆ, ಇಲ್ಲವೆ ಬರೀ ಅಜ್ಞಾನದಿಂದ ಇನ್ನೊಬ್ಬರ ಸುಳ್ಳನ್ನು ದಾಟಿಸಲು ಎಂದು ಬಿಡಿಸಿ ಹೇಳುತ್ತಾರೆ. ಅದುವರೆಗೆ ಮುಸ್ಲಿಮರು ಹಿಂದೂಗಳ ಬಗ್ಗೆ ಬರೆದದ್ದು ಹೆಚ್ಚಾಗಿ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಎತ್ತಿದ್ದು ಎಂಬುದು ಅವರ ದೂರು. ತನ್ನದು ವಾದಿಸಿ ಸೋಲಿಸುವ ಪುಸ್ತಕವಲ್ಲ, ಅವರು ಹೇಳುವುದನ್ನು ಅವರು ಹೇಳಿದಂತೆಯೇ ಮುಂದಿಡುತ್ತೇನೆ ಎಂದು ಮೊದಲೇ ತಿಳಿಸುತ್ತಾರೆ. ಅದಕ್ಕೆ ಮೊದಲೇ ಸಾಂಖ್ಯ ಮತ್ತು ಪತಂಜಲಿಯ ಗ್ರಂಥಗಳನ್ನು ಅರಬಿಗೆ ತಂದಿದ್ದರು.

ತಮ್ಮ ದೀನಿನಲ್ಲಿ ಅವರಿಗೆ ಯಾವ ಸಡಿಲವೂ ಇರಲಿಲ್ಲ. ಒಪ್ಪದ್ದನ್ನು ಒಪ್ಪುವುದಿಲ್ಲವೆಂದೇ ಹೇಳುತ್ತಾರೆ, ಅಲ್ಲಿನ ಪಂಡಿತರ ಅಹಂಕಾರವನ್ನು ಕಟುವಾಗಿ ಟೀಕಿಸುತ್ತಾರೆ. ಅದೇ ಅಧ್ಯಾಯದಲ್ಲಿ ಮಹ್ಮೂದನ ದಂಡಯಾತ್ರೆಗಳು ಆ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು, ಜನ ಧೂಳಿನ ಕಣಗಳಂತೆ ಚದುರಿದರು, ಅವರ ವಿದ್ಯೆ ನಾವು ಗೆದ್ದ ಸೀಮೆ ಬಿಟ್ಟು ಕಾಶ್ಮೀರ, ಬನಾರಸ್‌ಗಳತ್ತ ದೂರ ಸರಿಯಿತು, ಅವರಿಗೆ ನಮ್ಮ ಮೇಲಿನ ದ್ವೇಷಕ್ಕೆ ಇದೂ ಕಾರಣ ಎಂದು ಬರೆಯುತ್ತಾರೆ. ಆ ಅರಸನ ಊರಿನಲ್ಲಿದ್ದು, ಆ ಮನೆತನದ ಅನ್ನ ತಿಂದು ಬರೆದ ಮಾತಿದು. ವಿಗ್ರಹಗಳ ಅಧ್ಯಾಯದಲ್ಲಿ, ತಿಳಿದವರ ನಂಬಿಕೆಗೂ ಸಾಮಾನ್ಯರ ಆಚರಣೆಗೂ ಅಂತರವಿದೆ, ಕಣ್ಣಿಗೆ ಕಾಣುವುದಕ್ಕೆ ಅಂಟಿಕೊಳ್ಳುವ ಸ್ವಭಾವ ಎಲ್ಲ ಜನಾಂಗದ ಸಾಮಾನ್ಯರಲ್ಲೂ ಇದೆ ಎನ್ನುತ್ತಾರೆ. ಮಕ್ಕಾದ ಕಅಬಾದ ಚಿತ್ರ ತೋರಿಸಿದರೆ ನಮ್ಮ ಓದು ಬರದ ಜನ ಅದಕ್ಕೇ ಮುತ್ತಿಡುವುದಿಲ್ಲವೇ ಎಂದು ಕೇಳುತ್ತಾರೆ.

ಕೊರತೆಗಳೂ ಇವೆ. ಅವರು ತಿರುಗಿದ್ದು ವಾಯವ್ಯದ ಸೀಮೆ ಮಾತ್ರ. ಹೆಚ್ಚು ನಂಬಿದ್ದು ಬ್ರಾಹ್ಮಣರ ಗ್ರಂಥಗಳನ್ನು. ಹೊಲದಲ್ಲಿ ದುಡಿಯುವವರ, ಹೆಂಗಸರ ಮಾತು ಅದರಲ್ಲಿ ಕಡಿಮೆ. ದಕ್ಷಿಣವನ್ನು ಅವರು ಕಣ್ಣಾರೆ ನೋಡಿಲ್ಲ. ಆದರೂ ಲಿಪಿಗಳ ಬಗ್ಗೆ ಹೇಳುವ ಹದಿನಾರನೇ ಅಧ್ಯಾಯದಲ್ಲಿ ನಮ್ಮ ಓದುಗರು ನಿಂತು ನೋಡಬೇಕಾದ ಒಂದು ಸಾಲಿದೆ. ಹಿಂದ್‌ನ ಲಿಪಿಗಳನ್ನು ಒಂದೊಂದಾಗಿ ಹೆಸರಿಸುತ್ತ, ಆಂಧ್ರ ದೇಶದ್ದು, ದ್ರವಿಡ ದೇಶದ್ದು ಎಂದು ಹೇಳುವ ಜಾಗದಲ್ಲಿ ಕರ್ಣಾಟ ದೇಶದ ಲಿಪಿಯನ್ನೂ ಸೇರಿಸಿದ್ದಾರೆ. ಸೇನೆಗಳಲ್ಲಿ 'ಕನ್ನರ' ಎಂದು ಕರೆಯುವ ಯೋಧರು ಬರುವುದು ಆ ನಾಡಿನಿಂದ ಎಂದೂ ತಿಳಿಸಿದ್ದಾರೆ. ಇಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲ. ಘಝ್ನಿಯಲ್ಲಿ ಕುಳಿತ ಒಬ್ಬ ವಿದ್ವಾಂಸರ ಕಿವಿಗೆ ಕನ್ನಡ ನಾಡಿನ ಹೆಸರು ಬಿದ್ದಿತ್ತು, ಅವರು ಅದನ್ನು ಬಿಡದೆ ಬರೆದಿಟ್ಟರು. ಒಂದೇ ಸಾಲು, ಆದರೆ ಅರಬಿಯಲ್ಲಿ ಆ ಕಾಲದ ಸಾಲು.

ಭೂಮಿಯ ಅಳತೆಗಿಂತ ಈ ಗ್ರಂಥ ದೊಡ್ಡದು ಎಂದು ನಾವು ಹೇಳಿದ್ದು ಈ ಕಾರಣಕ್ಕೆ. ಭೂಮಿ ಇಂದಿಗೂ ಇಲ್ಲೇ ಇದೆ. ಬಿರೂನಿ ಅಳೆಯದಿದ್ದರೆ ಇನ್ನೊಬ್ಬರು ಅಳೆಯುತ್ತಿದ್ದರು, ಅಳೆದೂ ಇದ್ದಾರೆ, ಈಗ ಉಪಗ್ರಹದಿಂದ ಅಂಗುಲ ಬಿಡದೆ ಅಳೆಯುತ್ತಾರೆ. ಆದರೆ 1020ರಲ್ಲಿ ಪಂಜಾಬಿನ ಒಬ್ಬ ಪಂಡಿತ ಏನು ನಂಬಿದ್ದ, ಖ್ವಾರಝ್ಮಿನ ಅಜ್ಜಿ ಯಾವ ತಿಂಗಳನ್ನು ಏನೆಂದು ಕರೆಯುತ್ತಿದ್ದಳು ಎಂಬುದನ್ನು ಆಗ ಕೇಳದಿದ್ದರೆ ಮತ್ತೆ ಯಾವ ಯಂತ್ರದಿಂದಲೂ ತಿಳಿಯಲಾಗದು. ನಾವು ಕಡಿಮೆ ಮಾರ್ಕಿನವರಿಗೆ ಬಿಟ್ಟುಕೊಟ್ಟ ವಿಷಯಗಳ ಕೆಲಸವೇ ಅದು. ನಮ್ಮ ಬ್ಯಾರಿ, ನವಾಯತಿ, ದಖ್ಖನಿ ಮಾತುಗಳಲ್ಲಿ ಮೀನಿಗೆ, ಸೊಪ್ಪಿಗೆ, ಬಾಣಂತಿಯ ಮದ್ದಿಗೆ ಹಿರಿಯರು ಹೇಳುವ ಹೆಸರುಗಳನ್ನು ಯಾವ ಹುಡುಗ, ಯಾವ ಹುಡುಗಿ ನೋಟ್ ಪುಸ್ತಕ ಹಿಡಿದು ಕೇಳುತ್ತಿದ್ದಾರೆ? ಕೇಳಿದವರಿಗೆ ಮನೆಯಲ್ಲಿ ಏನು ಹೇಳುತ್ತೇವೆ?

ಮಹ್ಮೂದನ ನಂತರ ಬಂದ ಮಸ್ಊದ್‌ನ ಹೆಸರಿನಲ್ಲಿ ಬಿರೂನಿ ಖಗೋಳದ ಮಹಾಗ್ರಂಥ 'ಅಲ್ ಕಾನೂನುಲ್ ಮಸ್ಊದಿ'ಯನ್ನು ಬರೆದರು. ಅದಕ್ಕಾಗಿ ಸುಲ್ತಾನ ಒಂದು ಆನೆ ಹೊರುವಷ್ಟು ಬೆಳ್ಳಿ ನಾಣ್ಯ ಕಳುಹಿಸಿದ, ಇವರು ನನಗೆ ಬೇಕಾಗಿಲ್ಲವೆಂದು ಹಿಂದಿರುಗಿಸಿದರು ಎಂಬ ಕಥೆ ಪ್ರಸಿದ್ಧ.

ಆಮೇಲೆ ಅವರು ರತ್ನಗಳತ್ತ ತಿರುಗಿದರು. ಲೋಹವನ್ನೂ ರತ್ನವನ್ನೂ ನೀರು ತುಂಬಿದ ಪಾತ್ರೆಗೆ ಹಾಕಿ, ಹೊರ ಚೆಲ್ಲಿದ ನೀರನ್ನು ತೂಗಿ, ಯಾವುದು ಎಷ್ಟು ಭಾರ ಎಂದು ಹೋಲಿಸುವ ವಿಧಾನವನ್ನು ಅವರು ಮೊದಲೇ ಸಿದ್ಧಪಡಿಸಿದ್ದರು. ನಕಲಿ ರತ್ನ ಹಿಡಿಯಲು ಇಂದಿಗೂ ಇದೇ ತತ್ವ. ರತ್ನಗಳ ಗ್ರಂಥದಲ್ಲಿ ಪಚ್ಚೆಯ ಬಗ್ಗೆ ಬರೆಯುವಾಗ ಒಂದು ನಂಬಿಕೆ ಎದುರಾಗುತ್ತದೆ. ಪಚ್ಚೆಯನ್ನು ನೋಡಿದರೆ ಹಾವಿನ ಕಣ್ಣು ಒಡೆದು ಕುರುಡಾಗುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಬಿರೂನಿ ಹಾವಿಗೆ ಪಚ್ಚೆಯ ಹಾರ ಹಾಕಿದರು. ಬುಟ್ಟಿಯೊಳಗೆ ಪಚ್ಚೆ ಹರಡಿದರು. ದಾರದಲ್ಲಿ ಪೋಣಿಸಿ ಅದರ ಕಣ್ಣ ಮುಂದೆ ಆಡಿಸಿದರು. ಬಿಸಿಲುಕಾಲ ಚಳಿಗಾಲ ಸೇರಿ ಒಂಬತ್ತು ತಿಂಗಳು. ಹಾವಿಗೆ ಏನೂ ಆಗಲಿಲ್ಲ, ಅದರ ದೃಷ್ಟಿ ಇನ್ನೂ ಚುರುಕಾಯಿತೋ ಏನೋ ಎಂಬ ಧಾಟಿಯಲ್ಲಿ ಮಾತು ಮುಗಿಸುತ್ತಾರೆ. ಅರವತ್ತು ದಾಟಿದ ಗೌರವಾನ್ವಿತ ವಿದ್ವಾಂಸರು ಹಾವಿನ ಮುಂದೆ ಪಚ್ಚೆ ಆಡಿಸುತ್ತ ಕುಳಿತದ್ದನ್ನು ನೋಡಿದ ಮನೆಯವರು ಏನೆಂದಿರಬಹುದು!

ಎಲ್ಲವನ್ನೂ ಹೀಗೆ ಪರೀಕ್ಷಿಸಲಾಗದು ಎಂಬುದೂ ಅವರಿಗೆ ಗೊತ್ತಿತ್ತು. ಯುಗಾಂತರದ ಅರಸನನ್ನು ಬುಟ್ಟಿಗೆ ಹಾಕಿ ನೋಡಲಾಗುವುದಿಲ್ಲ, ಬೇರೆ ಧರ್ಮದವರ ಮನಸ್ಸನ್ನು ನೀರಿಗೆ ಹಾಕಿ ತೂಗಲಾಗುವುದಿಲ್ಲ. ಹಾವಿಗೆ ಒಂಬತ್ತು ತಿಂಗಳು ಕೊಟ್ಟ ಅದೇ ತಾಳ್ಮೆಯನ್ನು ಸಂಸ್ಕೃತಕ್ಕೆ ಹಲವು ವರ್ಷ ಕೊಟ್ಟರು, ಅಷ್ಟೇ.

ಕೊನೆಯ ಗ್ರಂಥ ಔಷಧಿಗಳದ್ದು. ಕಣ್ಣು ಕಿವಿ ಮಂದವಾಗಿದ್ದ ಪ್ರಾಯ, ಒಬ್ಬ ವೈದ್ಯರ ನೆರವು ಪಡೆದು ಬರೆದರು. ಒಂದೊಂದು ಗಿಡ, ಬೇರು, ಖನಿಜಕ್ಕೂ ಅರಬಿ, ಗ್ರೀಕ್, ಸುರಿಯಾನಿ, ಪಾರ್ಸಿ, ಹಿಂದ್‌ನ ಭಾಷೆಗಳಲ್ಲಿ ಏನು ಹೆಸರು ಎಂದು ಕೊಟ್ಟಿದ್ದಾರೆ. ಹೆಸರು ತಪ್ಪಿದರೆ ಔಷಧಿ ತಪ್ಪುತ್ತದೆ, ಔಷಧಿ ತಪ್ಪಿದರೆ ರೋಗಿ ಉಳಿಯುವುದಿಲ್ಲ. ಭಾಷೆಯ ಜ್ಞಾನ ಅಲ್ಲಿ ಪ್ರಾಣ ಉಳಿಸುವ ಜ್ಞಾನ. ಅದರ ಮುನ್ನುಡಿಯಲ್ಲೇ ತಮ್ಮ ತಾಯ್ನುಡಿ ಖ್ವಾರಝ್ಮಿಯಲ್ಲಿ ಶಾಸ್ತ್ರ ಬರೆದರೆ ಮಾಡಿನ ಹರಣಿಯ ಮೇಲೆ ಒಂಟೆ ನಿಂತಂತೆ ವಿಚಿತ್ರವಾದೀತು ಎಂದು ತಮಾಷೆ ಮಾಡುತ್ತಾರೆ. ಅರಬಿಯನ್ನೂ ಪಾರ್ಸಿಯನ್ನೂ ತಾನು ಹೊರಗಿನವನಾಗಿಯೇ ಕಲಿತವನು ಎನ್ನುತ್ತಾರೆ. ಆ ತಮಾಷೆಯನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಸ್ವಂತ ಭಾಷೆಯಲ್ಲಿ ಶಾಸ್ತ್ರ ನಿಲ್ಲದು ಎಂದು ದೊಡ್ಡವರೇ ಹೇಳಿಬಿಟ್ಟರೆ ಆ ಭಾಷೆಗೆ ಯಾರು ದಿಕ್ಕು?

ಅರವತ್ತೈದನೇ ವಯಸ್ಸಿನಲ್ಲಿ ಅವರು ತಾವು ಬರೆದವುಗಳ ಪಟ್ಟಿ ಮಾಡಿದಾಗ ಅದು ನೂರನ್ನು ದಾಟಿತ್ತು. ಬಹುಪಾಲು ಕಳೆದುಹೋಗಿವೆ. ಕಿತಾಬುಲ್ ಹಿಂದ್ ನಮಗೆ ಉಳಿದದ್ದೇ ಪುಣ್ಯ. ಅದರ ಅರಬಿ ಮೂಲವನ್ನು 1887ರಲ್ಲಿ ಅಚ್ಚು ಹಾಕಿಸಿ, ಮರುವರ್ಷ ಇಂಗ್ಲಿಷಿಗೆ ತಂದವರು ಎಡ್ವರ್ಡ್ ಸಖಾವ್ ಎಂಬ ಜರ್ಮನ್ ವಿದ್ವಾಂಸರು. ಕಾಲೇಜಿನ ಗ್ರಂಥಾಲಯಗಳಲ್ಲಿ ಹುಡುಕಿದರೆ ಆ ಅನುವಾದ ಸಿಗುತ್ತದೆ. ಓದುವ ಮಕ್ಕಳು ಮೊದಲ ಅಧ್ಯಾಯದಿಂದ ಆರಂಭಿಸಲಿ, ಖಗೋಳದ ಭಾಗ ಕಠಿಣ, ಬಿಟ್ಟು ಮುಂದೆ ಹೋದರೂ ನಷ್ಟವಿಲ್ಲ.

ಅವರು ತೀರಿಕೊಂಡದ್ದು ಘಝ್ನಿಯಲ್ಲಿ, ಹಿಜರಿ 440ರ ಸುಮಾರಿಗೆ. ಕೊನೆಯ ದಿನದ ಬಗ್ಗೆ ಒಂದು ವರದಿಯನ್ನು ಯಾಕೂತ್ ಎಂಬ ಚರಿತ್ರೆಕಾರರು ದಾಖಲಿಸಿದ್ದಾರೆ. ವಲ್ವಾಲಿಜಿ ಎಂಬ ಫಕೀಹ್ ನೋಡಲು ಬಂದಾಗ ಬಿರೂನಿಗೆ ಉಸಿರು ಎಳೆಯುತ್ತಿತ್ತು. ಹಿಂದೊಮ್ಮೆ ಇಬ್ಬರ ನಡುವೆ ವಾರೀಸಿನ ಒಂದು ಮಸ್‌ಅಲೆಯ ಮಾತು ಬಂದಿತ್ತು. ಫರಾಯಿಝ್ ಓದಿದವರು ಅದನ್ನು 'ಜದ್ದ ಫಾಸಿದ'ದ ಲೆಕ್ಕ ಎನ್ನುತ್ತಾರೆ, ತಾಯಿಯ ತಂದೆಯ ತಾಯಿಯಂಥ ಸಂಬಂಧಿಗೆ ಆಸ್ತಿಯಲ್ಲಿ ಪಾಲು ಹೇಗೆ ಎಂಬ ಪ್ರಶ್ನೆ. ಅಂದು ನೀವು ಹೇಳಿದ್ದು ಹೇಗೆ, ಇನ್ನೊಮ್ಮೆ ಹೇಳಿ ಎಂದು ಬಿರೂನಿ ಕೇಳಿದರು. ಈ ಸ್ಥಿತಿಯಲ್ಲೇ ಎಂದು ಫಕೀಹ್ ಮರುಗಿದರು. ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಒಳ್ಳೆಯದಲ್ಲವೇ ಎಂದರಂತೆ ಅವರು. ಫಕೀಹ್ ವಿವರಿಸಿದರು, ಬಿರೂನಿ ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿದರು. ವಲ್ವಾಲಿಜಿ ಸಲಾಮ್ ಹೇಳಿ ಹೊರಬಂದು ಇನ್ನೂ ದಾರಿಯಲ್ಲಿದ್ದಾಗಲೇ ಆ ಮನೆಯಿಂದ ಅಳುವ ಸದ್ದು ಕೇಳಿಸಿತು.